ಗೇಟಿನ ಹೊರಗೆ ಇಳಿಸಿದ ಹಾಲಿನ ಕೊಡ

ಪುಣೆಯ ಕ್ಯಾಂಪಿನ ಬಂಗಲೆಗಳ ಸಾಲಿನಲ್ಲಿ ಬೀದಿ ದೀಪಗಳು ಇನ್ನೂ ಉರಿಯುತ್ತಿವೆ. ಮಾಘದ ಚಳಿಗೆ ರಸ್ತೆಯ ಬೇವಿನ ಮರಗಳೂ ಮುದುರಿಕೊಂಡಂತಿವೆ. ಕೊಂಢವಾದಿಂದ ನಾಲ್ಕು ಮೈಲು ನಡೆದು ಬಂದ ಕಲ್ಲವ್ವ ಕರಿಕಲ್ಲಿನ ಕಂಬಗಳ ಒಂದು ಗೇಟಿನ ಮುಂದೆ ನಿಲ್ಲುತ್ತಾಳೆ. ಬೇರೆ ದಿನವಾದರೆ ತಲೆಯ ಮೇಲಿನ ಹಾಲಿನ ಕೊಡವನ್ನು ಹಿತ್ತಲ ಬಾಗಿಲು ಮುಟ್ಟುವವರೆಗೆ ಅವಳು ಇಳಿಸುವುದಿಲ್ಲ. ಇವತ್ತು ಇಳಿಸುತ್ತಾಳೆ. ಬಟ್ಟೆಯ ಸಿಂಬಿಯನ್ನು ಗೇಟಿನ ಹೊರಗೆ ರಸ್ತೆಯ ಅಂಚಿಗಿಟ್ಟು, ಅದರ ಮೇಲೆ ಕೊಡ ಕೂರಿಸಿ, ಬಾಯಿಗೆ ಒದ್ದೆ ಅರಿವೆ ಬಿಗಿಯುತ್ತಾಳೆ. ಎಲ್ಲ ಕೆಲಸವೂ ಎಡಗೈಯದೇ. ಬಲಗೈಯ ನಡುವಿನ ಎರಡು ಬೆರಳು ಮಡಚುವುದಿಲ್ಲ.

ಸೈಕಲ್ ಮೇಲೆ ಪಾವ್ ರೊಟ್ಟಿಯ ಬುಟ್ಟಿ ಕಟ್ಟಿಕೊಂಡು ಹೊರಟಿದ್ದ ರೊಟ್ಟಿಯವನು ಕೊಡವನ್ನು ಕಂಡು ಕಾಲೂರಿ ನಿಲ್ಲುತ್ತಾನೆ. ಯಾರಿಗೆ ಕಡಿಯಿತು ಎಂದು ಮರಾಠಿಯಲ್ಲಿ ಕೇಳುತ್ತಾನೆ. ಈ ರಸ್ತೆಯ ಕಸ ಗುಡಿಸುವವರಿಗೂ ಅಗಸರಿಗೂ ಆಯಾಗಳಿಗೂ ಗೊತ್ತಿರುವ ಸಂಗತಿ ಇದು: ಕಲ್ಲವ್ವನ ಕೊಡ ಗೇಟಿನ ಹೊರಗೆ ಕೂತಿದೆಯೆಂದರೆ ಆ ಮನೆಯ ನಾಯಿ ಯಾರನ್ನೋ ಕಡಿದಿದೆ, ಆ ಮಾತನ್ನು ಯಜಮಾನನ ಮುಖಕ್ಕೆ ಹೇಳಿಸಲು ಅವಳು ಒಳಗೆ ಹೊರಟಿದ್ದಾಳೆ.

ಕಲ್ಲವ್ವ ತಿರುಗಿ ನೋಡದೆ ಹಿಂದಕ್ಕೆ ಗದ್ದ ತೋರಿಸುತ್ತಾಳೆ. ಅಲ್ಲಿ ಭುಜಂಗ ನಿಂತಿದ್ದಾನೆ, ಇದೇ ಬಂಗಲೆಯ ಮಾಲಿ. ಎಡಗಾಲ ಮೀನಖಂಡಕ್ಕೆ ಅರಿಸಿನ ಹತ್ತಿದ ಹಳೆಯ ಧೋತರದ ತುಂಡು ಸುತ್ತಿದೆ. ಬೇಲಿಯ ನೆರಳೊಳಗೆ ಸೇರಿಕೊಳ್ಳಲು ನೋಡುವವನ ಹಾಗೆ ಅವನು ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಾನೆ. ನಿನ್ನೆ ಸಂಜೆ ಕೊಂಢವಾದ ದನದ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಾಗಲೂ ಹೀಗೇ ನಿಂತಿದ್ದನಂತೆ. ನಿಲ್ಲಲು ಕಾರಣವಿದೆ. ಹನ್ನೊಂದು ವರ್ಷದ ಹಿಂದೆ, ನಾಯಿ ಕಡಿದದ್ದಕ್ಕೇ ಕಲ್ಲವ್ವ ಹೂಡಿದ ದಾವೆ ಬಿದ್ದುಹೋದದ್ದು ಈ ಭುಜಂಗ ಆಡಿದ ಒಂದು ಮಾತಿನಿಂದ.

ಈ ಬಂಗಲೆಗೆ ದಿನಕ್ಕೆ ನಾಲ್ಕು ಸೇರು ಹಾಲು ಹೋಗುತ್ತದೆ. ಕಲ್ಲವ್ವ ಹಾಲು ಹಾಕುವ ಇಪ್ಪತ್ತೆರಡು ಮನೆಗಳಲ್ಲಿ ಇದರಷ್ಟು ದೊಡ್ಡ ದಿನನಿತ್ಯದ ವರ್ತನೆ ಇನ್ನೊಂದಿಲ್ಲ. ಈ ಹೊತ್ತು ಗೇಟಿನೊಳಗೆ ಹೋದರೆ ನಾಳೆ ಆ ನಾಲ್ಕು ಸೇರು ಉಳಿಯುವುದು ಸಂಶಯ. ಅದನ್ನು ಅವಳು ಕಳೆದುಕೊಳ್ಳಲು ಹೊರಟಿರುವುದು ಇವನಿಗಾಗಿ.

ಕಲ್ಲವ್ವನಿಗೆ ಈಗ ಐವತ್ತೆರಡು ಇರಬಹುದು. ಮೂಲ ಬೆಳಗಾವಿ ಕಡೆಯವರು, ಗವಳಿಗರು. ಮದುವೆಯಾಗಿ ಕೊಂಢವಾಕ್ಕೆ ಬಂದಾಗ ಕೊಟ್ಟಿಗೆಯಲ್ಲಿ ಎರಡು ಎಮ್ಮೆ ಇದ್ದವು. ಅವು ಏಳಾದದ್ದು ಅವಳ ಕೈಗುಣದಿಂದ ಎಂದು ಗಂಡ ಸಿದ್ರಾಮಪ್ಪ ಈಗಲೂ ಹೇಳುತ್ತಾನೆ. ಅವುಗಳಲ್ಲಿ ಚಂದ್ರಿ ಎಂಬ ಎಮ್ಮೆಯಂತೂ ಕಲ್ಲವ್ವನ ಕೈ ಬಿಟ್ಟು ಬೇರೆಯವರ ಕೈಗೆ ಸೊರೆ ಬಿಡುತ್ತಿರಲಿಲ್ಲ. ಎಷ್ಟು ತಡವಾದರೂ ಕೆಚ್ಚಲು ಬಿಗಿಹಿಡಿದು ಅವಳ ಹೆಜ್ಜೆಯ ಸಪ್ಪಳಕ್ಕೆ ಕಾಯುತ್ತಿತ್ತು.

ಹಾಲು ಮಾರುವ ಈ ಮನೆಗಳಲ್ಲಿ ಒಂದು ನೇಮವಿದೆ. ತಲೆಯ ಮೇಲೆ ಹಾಲಿರುವಾಗ ರಕ್ತದ ಮಾತು ಆಡಬಾರದು. ಸಾವು, ಗಾಯ, ಬೇನೆ ಯಾವುದನ್ನೂ ಹಾಲಿನೊಂದಿಗೆ ಗಿರಾಕಿಯ ಮನೆಯೊಳಗೆ ಒಯ್ಯಬಾರದು. ಒಯ್ದರೆ ಆ ಮನೆಯ ಕೂಸಿಗೆ ಕೇಡು, ಕೊಟ್ಟಿಗೆಯ ಎಮ್ಮೆಗೂ ಕೇಡು. ಅತ್ತೆ ಮೊದಲ ದಿನ ಕೊಡ ಹೊರಿಸುವಾಗಲೇ ಕಿವಿಯಲ್ಲಿ ಹೇಳಿದ್ದಳು. ಕಲ್ಲವ್ವ ಅದನ್ನು ಮೀರಿದವಳಲ್ಲ. ಅವಳ ಮೈಮೇಲೆ ಬಂದ ಕಷ್ಟವೆಲ್ಲ ಆ ನೇಮವನ್ನು ಪಾಲಿಸಿದ್ದರಿಂದಲೇ ಬಂತು.

ಸಾವಿರದ ಒಂಬೈನೂರ ಮೂವತ್ತಮೂರರ ಶ್ರಾವಣ. ಆಗ ಈ ಬಂಗಲೆಯಲ್ಲಿ ಇದ್ದವನು ಪೆನ್ಶನ್ ಪಡೆದ ಒಬ್ಬ ಕರ್ನಲ್ ಸಾಹೇಬ. ಅವನದೊಂದು ಕಂದು ಬಣ್ಣದ ನಾಯಿ, ಕರುವಿನಷ್ಟು ಎತ್ತರ. ಬೆಳಿಗ್ಗೆ ಅದನ್ನು ಕಟ್ಟಿಹಾಕುವ ಕೆಲಸ ಭುಜಂಗನದು. ಒಂದು ದಿನ ಅವನು ಸರಪಳಿ ಹಾಕುವುದು ತಡವಾಯಿತು. ನಾಯಿ ಬಂದು ಕಲ್ಲವ್ವನ ಮೀನಖಂಡಕ್ಕೆ ಬಾಯಿ ಹಾಕಿತು. ಆಳವಾಗೇನೂ ಅಲ್ಲ, ನಾಲ್ಕು ಹಲ್ಲಿನ ಗುರುತು. ಭುಜಂಗನೇ ಓಡಿಬಂದು ನಾಯಿಯನ್ನು ಎಳೆದ, ಗಿಡಕ್ಕೆ ನೀರು ಹಾಕುವ ಝಾರಿಯಲ್ಲಿದ್ದ ನೀರು ಸುರಿದು ಗಾಯ ತೊಳೆದ. ಅವನೂ ಅಕ್ಕಲಕೋಟೆ ಕಡೆಯವನು, ಮನೆಮಾತು ಕನ್ನಡ. ಆಗ ಇಡೀ ರಸ್ತೆಯಲ್ಲಿ ಕಲ್ಲವ್ವನ ಜೊತೆ ಕನ್ನಡ ಆಡುತ್ತಿದ್ದವನು ಅವನೊಬ್ಬನೇ. ಅಕ್ಕಾ ಎಂದು ಕರೆಯುತ್ತಿದ್ದ.

ಗದ್ದಲ ಕೇಳಿ ಕರ್ನಲ್ ಸಾಹೇಬನ ಹೆಂಡತಿ, ಮಡಮ್ಮು, ವರಾಂಡಕ್ಕೆ ಬಂದಳು. ಸೀರೆಯ ಅಂಚಿನ ಕೆಂಪನ್ನು ಕಂಡು ಏನಾಯಿತೆಂದು ಹಿಂದುಸ್ತಾನಿಯಲ್ಲಿ ಕೇಳಿದಳು. ಕಲ್ಲವ್ವನ ತಲೆಯ ಮೇಲೆ ಕೊಡ ತುಂಬಾ ಹಾಲಿತ್ತು.

"ಮುಳ್ಳು ಚುಚ್ಚಿತು ಅಂದೆ," ಎನ್ನುತ್ತಾಳೆ ಕಲ್ಲವ್ವ. "ಭುಜಂಗನೂ ಹೌದ್ರಿ ಮೇಮಸಾಬ, ಬೇಲಿ ಮುಳ್ಳು, ಅಂತ ಕೈ ಮಾಡಿ ತೋರಿಸಿದ. ಅವಂಗ ನಾಯಿ ಕಟ್ಟಲಿಲ್ಲ ಅಂತ ಬೈಗಳ ತಪ್ಪಿತು, ನನಗ ನೇಮ ಉಳೀತು. ಇಬ್ರೂ ನಕ್ಕೋತ ಹಿತ್ತಲಕ್ಕ ಹೋದಿವಿ."

ಎಂಟು ತಿಂಗಳ ಮೇಲೆ ಅದೇ ನಾಯಿ ಅವಳ ಬಲಗೈ ಹಿಡಿಯಿತು. ಈ ಸಲ ಅವಳು ಹಿತ್ತಲ ಕಟ್ಟೆಯ ಮೇಲೆ ಕೂತು ಹಾಲು ಅಳೆಯುತ್ತಿದ್ದಳು. ನಾಯಿಯನ್ನು ಬಿಡಿಸುವಷ್ಟರಲ್ಲಿ ಕೊಡ ಉರುಳಿತ್ತು, ಕಟ್ಟೆಯ ಮೇಲೆ ಬಿಳಿದು ಯಾವುದು, ಕೆಂಪು ಯಾವುದು ಎಂದು ಬೇರೆ ಮಾಡಲು ಬರುತ್ತಿರಲಿಲ್ಲ. ಸರಕಾರಿ ದವಾಖಾನೆಯಲ್ಲಿ ಹದಿನಾಲ್ಕು ದಿನ ಹೊಟ್ಟೆಗೆ ಸೂಜಿ ಚುಚ್ಚಿದರು. ದಿನವೂ ನಾಲ್ಕು ಮೈಲು ಹೋಗಿ, ನಾಲ್ಕು ಮೈಲು ಬರಬೇಕು. ಊದಿದ ಹೊಟ್ಟೆಯನ್ನು ಸೆರಗಿನಿಂದ ಬಿಗಿದು ನಡೆಯುತ್ತಿದ್ದಳು. ನಾಯಿ ಕಡಿದವಳ ಮನೆಯ ಹಾಲು ಎಂದು ನಲವತ್ತು ದಿನ ಗಿರಾಕಿಗಳು ಬಾಗಿಲು ತೆರೆಯಲಿಲ್ಲ. ಕರೆದ ಹಾಲನ್ನು ಹೆಪ್ಪು ಹಾಕಿ, ಕಡೆದು, ಬೆಣ್ಣೆಯನ್ನು ಬಂದ ದರಕ್ಕೆ ಮಾರಿದರು. ಗಾಯ ಮಾಯಿತು, ಬೆರಳು ಮಾತ್ರ ಮಡಚಲಿಲ್ಲ. ಹಿಂಡಲು ಬಾರದ ಕೈಗಾಗಿ ಚಂದ್ರಿ ಎರಡು ದಿನ ಕೆಚ್ಚಲು ಬಿಗಿಹಿಡಿದು ನಿಂತಿತಂತೆ.

ಅವಳಿಗೆ ದಾವೆಯ ದಾರಿ ತೋರಿಸಿದವರು ಧಾರವಾಡದ ಬಿಂದುಮಾಧವ ವಕೀಲರು. ಸದಾಶಿವ ಪೇಟೆಯ ವಾಡೆಯೊಂದರಲ್ಲಿ ಮೇಲಿನ ಎರಡು ಕೋಣೆ ಅವರ ಮನೆಯೂ ಹೌದು, ಕಚೇರಿಯೂ ಹೌದು. ಅವರು ಕಲ್ಲವ್ವನಿಂದ ಫೀ ತೆಗೆದುಕೊಳ್ಳಲಿಲ್ಲ. ಕಾಯ್ದೆ ಏನೆಂಬುದನ್ನು ಮಾತ್ರ ಮೊದಲ ದಿನವೇ ಬಿಡಿಸಿ ಹೇಳಿದರು.

"ಹುಲಿ ಸಾಕಿದಾಂವ ಹುಲಿ ಏನ್ ಮಾಡಿದ್ರೂ ಜವಾಬ್ದಾರ," ಎಂದರಂತೆ. "ನಾಯಿ ಹಾಂಗಲ್ಲ. ಅದು ಮನಿ ಪ್ರಾಣಿ ಅಂತ ಕಾಯ್ದೆ ಹಿಡೀತದ. ಈ ನಾಯಿ ಕಡೀತದ ಅನ್ನೋದು ಧಣಿಗೆ ಮೊದಲೇ ಗೊತ್ತಿತ್ತು ಅಂತ ತೋರಿಸಬೇಕು. ಆವಾಗ ಪರಿಹಾರ ಕೇಳಬಹುದು."

"ಅಂದ್ರ ಮೊದಲ ಕಡದದ್ದು ಪುಕ್ಕಟೆ ಏನ್ರಿ?" ಎಂದು ಕಲ್ಲವ್ವ ಕೇಳಿದಳು.

"ಹಾಂಗಂತ ಎಲ್ಲೂ ಬರದಿಲ್ಲವ್ವಾ. ಆದರ ಹಾಂಗೇ ಆಗತದ."

ಫೌಜದಾರಿ ಫಿರ್ಯಾದಿ ಮಾಡುವ ದಾರಿಯೂ ಇತ್ತು. ಪ್ರಾಣಿಯನ್ನು ನಿಷ್ಕಾಳಜಿಯಿಂದ ಬಿಟ್ಟವನಿಗೆ ದಂಡವಾಗಬಹುದು. ಆದರೆ ಆ ದಂಡ ಸೇರುವುದು ಸರಕಾರದ ಖಜಾನೆಗೆ. ಮ್ಯಾಜಿಸ್ಟ್ರೇಟರು ಮನಸ್ಸು ಮಾಡಿದರೆ ಅದರಲ್ಲಿ ಕಡಿಸಿಕೊಂಡವರಿಗೂ ಏನಾದರೂ ಕೊಡಿಸಬಹುದು. ಕೈ ಹೋದವಳಿಗೆ ಅಷ್ಟರಿಂದ ಏನಾಗಬೇಕು? ಪರಿಹಾರ ಕೇಳುವ ದಿವಾಣಿ ದಾವೆಯೇ ಸರಿ, ಅದೂ ಕಡಿದ ಒಂದು ವರ್ಷದೊಳಗೆ ಹೂಡಬೇಕು ಎಂದು ವಕೀಲರು ಹೇಳಿದರು. ಧಣಿಗೆ ಗೊತ್ತಿತ್ತೆಂದು ತೋರಿಸುವುದು ಕಷ್ಟವೆಂದೇನೂ ಅವರಿಗೆ ಅನಿಸಿರಲಿಲ್ಲ. ನಾಯಿ ಕಟ್ಟುವ ಆಳಿಗೆ ಗೊತ್ತಿದ್ದರೆ ಧಣಿಗೆ ಗೊತ್ತಿದ್ದ ಹಾಗೆಯೇ ಕೋರ್ಟು ಹಿಡಿಯುತ್ತದೆ. ಶ್ರಾವಣದ ಆ ಬೆಳಿಗ್ಗೆ ನಾಯಿಯನ್ನು ಎಳೆದವನು, ಗಾಯ ತೊಳೆದವನು ಭುಜಂಗ. ಅವನು ನಿಜ ಹೇಳಿದರೆ ಸಾಕು.

ಭುಜಂಗ ಕೋರ್ಟಿಗೆ ಬಂದ ದಿನ ಸಾಹೇಬನ ಬಟ್ಲರನ ಕೋಟು ತೊಟ್ಟಿದ್ದ. ತೋಳು ಉದ್ದವಾಗಿ ಅಂಗೈ ಮುಚ್ಚಿತ್ತು. ಕಲ್ಲವ್ವ ಅದೊಂದನ್ನು ಮರೆತಿಲ್ಲ. ನಾಯಿ ಕಟ್ಟುವವನು ನೀನೋ ಎಂದರೆ ಹೌದೆಂದ. ಶ್ರಾವಣದಲ್ಲಿ ಏನಾಯಿತು ಎಂದರೆ, ಹಾಲಿನವಳಿಗೆ ಬೇಲಿಯ ಮುಳ್ಳು ಚುಚ್ಚಿತ್ತು ಎಂದ. ನಾಯಿ ಯಾರನ್ನಾದರೂ ಕಡಿದದ್ದು ನಿನಗೆ ಗೊತ್ತೋ ಎಂದರೆ ಗೊತ್ತಿಲ್ಲ ಎಂದ. ಮುಖ ಎತ್ತಲಿಲ್ಲ.

ಆಮೇಲೆ ಎದುರು ವಕೀಲರು ಕಲ್ಲವ್ವನನ್ನೇ ಕೇಳಿದರು: ಮುಳ್ಳು ಎಂದು ಮಡಮ್ಮಿಗೆ ಹೇಳಿದವಳು ನೀನೇ ಹೌದೋ? ಹೌದು. ಹಾಗಾದರೆ ಅವತ್ತು ಸುಳ್ಳು ಹೇಳಿದೆಯೋ, ಇವತ್ತು ಹೇಳುತ್ತಿರುವೆಯೋ? ತಲೆಯ ಮೇಲೆ ಹಾಲಿತ್ತು, ನಮ್ಮಲ್ಲಿ ಹಾಲು ಹೊತ್ತು ರಕ್ತದ ಮಾತು ಆಡುವುದಿಲ್ಲ ಎಂದು ಅವಳು ಬಿಡಿಸಿ ಹೇಳತೊಡಗಿದಳು. ಅತ್ತೆಯ ಮಾತು, ಕೂಸಿನ ಕೇಡು, ಎಮ್ಮೆಯ ಕೇಡು ಎಲ್ಲ ಹೇಳಿದಳು. ಅಷ್ಟನ್ನೂ ಕೇಳಿ ದುಭಾಷಿ ಜಡ್ಜ್ ಸಾಹೇಬರಿಗೆ ಇಂಗ್ಲಿಷಿನಲ್ಲಿ ಮೂರು ಶಬ್ದ ಹೇಳಿದ. ಕೋರ್ಟಿನಲ್ಲಿ ಯಾರೋ ನಕ್ಕರು.

ತೀರ್ಪು ಉದ್ದವಾಗಿರಲಿಲ್ಲ. ನಾಯಿ ಕಡಿದದ್ದು ಖರೆ, ಕೈ ಊನವಾದದ್ದೂ ಖರೆ. ನಾಯಿಯ ಗುಣ ಧಣಿಗೆ ಮೊದಲೇ ಗೊತ್ತಿತ್ತೆಂಬುದು ಸಿದ್ಧವಾಗಿಲ್ಲ, ವಾದಿಯೇ ಅದನ್ನು ಮುಚ್ಚಿಟ್ಟಿದ್ದಾಳೆ. ಆದ್ದರಿಂದ ದಾವೆ ವಜಾ. ಎದುರು ಪಕ್ಷದ ಖರ್ಚು ವಾದಿಯ ಮೇಲೆ.

ಆ ಖರ್ಚು ತುಂಬಲು ಚಂದ್ರಿಯನ್ನು ಮಾರಿದರು. ಕೊಂಡವನು ದೌಂಡದ ಗಿರಾಕಿ. ಬೇರೆ ಎಮ್ಮೆ ಮಾರಬಹುದಿತ್ತು, ಆದರೆ ಕಲ್ಲವ್ವನ ಕೈ ಬಿಟ್ಟರೆ ಹಾಲು ಕೊಡದ ಎಮ್ಮೆಯನ್ನು ಇಟ್ಟುಕೊಂಡು ಮಾಡುವುದೇನು? ಸಿದ್ರಾಮಪ್ಪ ಹಗ್ಗ ಹಿಡಿದು ಸ್ಟೇಶನ್ನಿನವರೆಗೆ ನಡೆಸಿಕೊಂಡು ಹೋಗಿ ಬಂದು, ಕಟ್ಟೆಯ ಮೇಲೆ ಕೂತು, ಅವಳ ಮುಖ ನೋಡದೆ ಒಂದೇ ಮಾತು ಆಡಿದ.

"ನಿನ್ನ ಕೈ ನಾಯಿ ತಿಂತು. ಚಂದ್ರಿನ್ನ ಕೋರ್ಟು ತಿಂತು."

ಕೋರ್ಟಿನ ಕಾಗದದ ನಕಲನ್ನು ಕಲ್ಲವ್ವ ಬಿಸಾಡಲಿಲ್ಲ. ಚಹದ ಪುಡಿಯ ತಗಡಿನ ಡಬ್ಬಿಯಲ್ಲಿ ಹಾಕಿ ಕೊಟ್ಟಿಗೆಯ ಗೂಡಿನಲ್ಲಿಟ್ಟಳು. ಓದಲು ಬಾರದು. ಆದರೂ ಒಂದು ಎಮ್ಮೆ ಕೊಟ್ಟು ತಂದ ಕಾಗದವನ್ನು ಒಲೆಗೆ ಹಾಕಲು ಮನಸ್ಸಾಗಲಿಲ್ಲ ಎನ್ನುತ್ತಾಳೆ.

ಒಂದೂವರೆ ವರ್ಷ ಕಳೆಯಿತು. ಅದೇ ನಾಯಿ, ಆ ರಸ್ತೆಗೆ ಹೊಸದಾಗಿ ಬಂದಿದ್ದ ಟಪಾಲಿನ ಈರಣ್ಣನ ತೊಡೆ ಹರಿಯಿತು. ಈರಣ್ಣನೂ ಬಿಂದುಮಾಧವ ವಕೀಲರ ಮೆಟ್ಟಿಲು ಹತ್ತಿದ. ಮರುದಿನವೇ ವಕೀಲರು ಕಲ್ಲವ್ವನಿಗೆ ಹೇಳಿಕಳಿಸಿದರು: ಆ ತೀರ್ಪಿನ ನಕಲು ಇದೆಯೇ?

ಸೋತ ಕಾಗದ ಯಾತಕ್ಕ ಬೇಕ್ರಿ ಎಂದು ಕೇಳಿಕೊಂಡೇ ಅವಳು ಡಬ್ಬಿ ತಂದಳು. ವಕೀಲರು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು. ನಾಯಿ ಕಡಿದದ್ದು ಖರೆ ಎಂದು ಇಲ್ಲಿ ಬರೆದಿದೆ. ಇದನ್ನು ಓದಿದ ದಿನ ಕರ್ನಲ್ ಸಾಹೇಬ ಕೋರ್ಟಿನಲ್ಲಿ ಕೂತಿದ್ದ. ಇನ್ನು ನನಗೆ ಗೊತ್ತಿರಲಿಲ್ಲ ಎನ್ನಲು ಅವನಿಗೆ ಬಾಯಿಲ್ಲ.

ಹಾಗೆಯೇ ಆಯಿತು. ಕಾಗದ ನೋಡಿದ ಮೇಲೆ ಎದುರು ವಕೀಲರು ಒಂದು ತಾರೀಖು ಮುಂದಕ್ಕೆ ಕೇಳಿದರು, ಆ ತಾರೀಖು ಬರುವ ಮೊದಲೇ ಈರಣ್ಣನ ಕೈಗೆ ನೂರ ಎಪ್ಪತ್ತೈದು ರೂಪಾಯಿ ಬಂತು. ತನಗೂ ಇನ್ನೊಮ್ಮೆ ಕೇಳಲು ಬರುವುದೇ ಎಂದು ಕಲ್ಲವ್ವ ವಿಚಾರಿಸಿದಳು. ಒಮ್ಮೆ ತೀರ್ಪಾದ ಮಾತನ್ನು ಮತ್ತೆ ಎತ್ತುವಂತಿಲ್ಲ ಎಂದು ವಕೀಲರು ತಲೆ ತಗ್ಗಿಸಿ ಹೇಳಿದರು. ಈರಣ್ಣ ಒಂದು ಗುಳೇದಗುಡ್ಡದ ಖಣ ತಂದು ಕೊಟ್ಟ. ಅದನ್ನು ಅವಳು ಇನ್ನೂ ಹೊಲಿಸಿಲ್ಲ. ಅದೂ ಅದೇ ಡಬ್ಬಿಯಲ್ಲಿದೆ.

"ನನ್ನ ಸೋಲು ಅವನ ಗೆಲುವಾತು," ಎನ್ನುತ್ತಾಳೆ. "ಹೊಟ್ಟಿಕಿಚ್ಚ ಆಗಲಿಲ್ಲ ಅಂದ್ರ ಸುಳ್ಳಾಗತದ. ಆಗಿತ್ತು. ಎರಡು ದಿನ ಉಂಡಿದ್ದು ಸೇರಲಿಲ್ಲ. ಆಮ್ಯಾಲೆ ತಿಳೀತು, ಮೊದಲ ಕಡಿಸಿಕೊಂಡಾಕಿ ಬಾಯಿ ಬಿಟ್ಟರ ಎರಡನೇದಾವರಿಗೆ ಕಾಯ್ದೆ ಹುಟ್ಟತದ. ನಾ ಬಿಡಲಿಲ್ಲ, ಬ್ಯಾರೇದಾವರ ಬಾಯಿ ಬಿಡಸತೀನಿ."

ಹೀಗೆ ಶುರುವಾದ ಕೆಲಸಕ್ಕೆ ಈಗ ಒಂಬತ್ತು ವರ್ಷ. ಬಂಗಲೆಗಳ ಸಾಲಿನಲ್ಲಿ ಯಾರನ್ನು ನಾಯಿ ಕಡಿದರೂ, ಕಸದವಳಾಗಲಿ, ಇಸ್ತ್ರಿಯವನಾಗಲಿ, ಸುದ್ದಿ ಕಲ್ಲವ್ವನಿಗೆ ಮುಟ್ಟುತ್ತದೆ. ಅವಳು ಮೊದಲು ಅವರನ್ನು ದವಾಖಾನೆಗೆ ಅಟ್ಟುತ್ತಾಳೆ. ಸೂಜಿ ಹದಿನಾಲ್ಕೂ ಆಗಬೇಕು, ಏಳಕ್ಕೇ ಬಿಟ್ಟರೆ ಪ್ರಾಣದ ಮಾತು. ಡಾಕ್ಟರರ ಚೀಟಿಯನ್ನು ಮನೆಯ ದೇವರಷ್ಟು ಜೋಪಾನ ಮಾಡಲು ಹೇಳುತ್ತಾಳೆ. ಆಮೇಲೆ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು, ಕಡಿಸಿಕೊಂಡವರನ್ನು ಮುಂದಿಟ್ಟುಕೊಂಡು, ಅದೇ ಗೇಟಿಗೆ ಹೋಗುತ್ತಾಳೆ. ನೇಮ ಮುರಿಯುವುದಿಲ್ಲ. ಕೊಡ ಹೊರಗೆ ಇಳಿಯುತ್ತದೆ, ಕೈ ತೊಳೆದುಕೊಳ್ಳುತ್ತಾಳೆ, ಬರಿತಲೆಯಲ್ಲಿ ಒಳಗೆ ಹೋಗುತ್ತಾಳೆ. ಹಾಲು ಹೊರಗೆ, ಮಾತು ಒಳಗೆ. ಇಷ್ಟು ಸಣ್ಣ ಉಪಾಯ ಅವತ್ತು ಶ್ರಾವಣದಲ್ಲಿ ಯಾಕೆ ಹೊಳೆಯಲಿಲ್ಲವೋ ಎಂದು ಅವಳು ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ.

ಹೇಳಿದ್ದನ್ನು ಮರೆತೆ ಎನ್ನುವ ಧಣಿಗಳಿಗಾಗಿ ಈರಣ್ಣ ಇನ್ನೊಂದು ದಾರಿ ಹುಡುಕಿದ್ದಾನೆ. ಗೇಟಿನಲ್ಲಿ ಹೇಳಿದ ದಿನವೇ ಧಣಿಯ ಹೆಸರಿಗೆ ಒಂದು ರಿಜಿಸ್ಟರ್ ಪತ್ರ. ಇಂಥ ದಿನ, ಇಂಥವರನ್ನು, ನಿಮ್ಮ ನಾಯಿ ಕಡಿದಿದೆ, ಇಷ್ಟೇ. ಪತ್ರ ಪಡೆದವರು ಸಹಿ ಮಾಡಿದ ಚೀಟಿ ವಾಪಸು ಬರುತ್ತದೆ. ಅದು ಕಲ್ಲವ್ವನ ಡಬ್ಬಿ ಸೇರುತ್ತದೆ.

"ಸಹಿ ಮಾಡಿದ್ರೂ ಸಿಕ್ಕಬಿದ್ದಾಂಗ, ಒಲ್ಲೆ ಅಂದ್ರೂ ಸಿಕ್ಕಬಿದ್ದಾಂಗ," ಎಂದು ಈರಣ್ಣ ಮೀಸೆಯಡಿ ನಗುತ್ತಾನೆ. "ಒಲ್ಲೆ ಅಂದ್ರು ಅಂತ ಲಕೋಟಿ ಮ್ಯಾಲೆ ಬರಿಯಾಂವ ನಾನೇ ಅಲ್ಲೇನ್ರಿ."

ಒಂಬತ್ತು ವರ್ಷಗಳಲ್ಲಿ ಅವಳು ಹೀಗೆ ನಿಂತ ಗೇಟುಗಳು ನಲವತ್ತೊಂದು. ಅವುಗಳಲ್ಲಿ ಒಂಬತ್ತು ಮನೆಗಳ ನಾಯಿ ಮತ್ತೊಮ್ಮೆ ಕಡಿಯಿತು. ಹಾಗೆ ಕಡಿಸಿಕೊಂಡವರಲ್ಲಿ ಏಳು ಮಂದಿಗೆ ಏನಾದರೂ ಪರಿಹಾರ ದಕ್ಕಿತು, ಒಬ್ಬ ಕಸದವಳಿಗೆ ಹದಿನೈದು ರೂಪಾಯಿ, ಒಬ್ಬ ಆಯಾಳಿಗೆ ನೂರ ಇಪ್ಪತ್ತು. ಹದಿನೇಳು ಮನೆಗಳಲ್ಲಿ ಧಣಿಗಳು ಬಾಯಲ್ಲಿ ಬೈದರೂ ಮರುದಿನದಿಂದ ನಾಯಿಗೆ ಸರಪಳಿ ಹಾಕಿದರು. ಮೊದಲು ಕಡಿಸಿಕೊಂಡು ಮೊದಲು ಬಾಯಿ ಬಿಟ್ಟ ನಲವತ್ತೊಂದು ಮಂದಿಗೆ ಸಿಕ್ಕಿದ್ದು ಏನೂ ಇಲ್ಲ. ಕಲ್ಲವ್ವನಿಗೆ ಹನ್ನೆರಡು ಮನೆಗಳ ವರ್ತನೆ ತಪ್ಪಿತು. ಎಮ್ಮೆಗಳೀಗ ನಾಲ್ಕು. ಹಿಂಡುವವಳು ಸೊಸೆ ಗೌರಾಬಾಯಿ. ಬೆಳಗಿನ ಮೂರಕ್ಕೆ ಎದ್ದು ಕೆಚ್ಚಲಿಗೆ ಕೈ ಹಾಕುವವಳಿಗೆ ಅತ್ತೆಯ ಈ ಉಸಾಬರಿ ಹಿಡಿಸದಿದ್ದರೆ ತಪ್ಪೆನ್ನಲಾಗದು.

"ನಮ್ಮ ಅತ್ತಿ ನಾಯಿ ವಕೀಲ್ರು," ಎಂದು ಅವಳು ಬಂದವರಿಗೆ ಪರಿಚಯ ಮಾಡಿಕೊಡುತ್ತಾಳೆ. "ಫೀ ತಾವೇ ಕೊಡತಾರ."

ಹೆಬ್ಬೆಟ್ಟಿನ ಬಗ್ಗೆ ಕಲ್ಲವ್ವನಿಗೆ ಭಾಳ ಎಚ್ಚರ. ಮುಲಾಮಿಗೆಂದು ಎರಡು ರೂಪಾಯಿ ಕೊಟ್ಟು, ಇನ್ನು ಮುಂದೆ ಏನೂ ಕೇಳುವುದಿಲ್ಲ ಎಂಬ ಕಾಗದಕ್ಕೆ ಬೆಟ್ಟು ಒತ್ತಿಸಿಕೊಳ್ಳುವವರನ್ನು ಅವಳು ಕಂಡಿದ್ದಾಳೆ. ಕೊಟ್ಟರೆ ತಗೋ, ಬೆಟ್ಟು ಮಾತ್ರ ಸೆರಗಿನೊಳಗೆ ಇರಲಿ ಎಂದು ಹೇಳಿಕೊಟ್ಟು ಒಳಗೆ ಕಳಿಸುತ್ತಾಳೆ. ಕೋರ್ಟಿನ ಸ್ಟಾಂಪಿಗೆ ಹಣವಿಲ್ಲದ ಬಡವರು ಬಡತನದ ಅರ್ಜಿ ಕೊಟ್ಟು ದಾವೆ ಹೂಡಬಹುದು ಎಂಬುದನ್ನೂ ಎಲ್ಲರಿಗೂ ಹೇಳುತ್ತಾಳೆ. ಇದೆಲ್ಲ ಬಿಂದುಮಾಧವ ವಕೀಲರಿಂದ ಕಲಿತದ್ದು. ಒಂದು ಮಾತ್ರ ಅವಳದೇ ಕಟ್ಟಳೆ: ನಾಯಿ ಕಡಿಯಿತು ಎಂಬ ಮಾತನ್ನು ಅವಳು ಯಾರ ಪರವಾಗಿಯೂ ಆಡುವುದಿಲ್ಲ. ಅದು ಕಡಿಸಿಕೊಂಡವರ ಬಾಯಿಂದಲೇ ಬರಬೇಕು. ಅವಳು ಪಕ್ಕದಲ್ಲಿ ನಿಂತಿರುತ್ತಾಳೆ, ಅಷ್ಟೆ.

ಕರ್ನಲ್ ಸಾಹೇಬ ಮೂವತ್ತೆಂಟರಲ್ಲಿ ಹಡಗು ಹತ್ತಿ ಹೋದ. ಆ ಕಂದು ನಾಯಿ ಅದಕ್ಕೂ ಮೊದಲೇ ಸತ್ತಿತ್ತು. ಬಂಗಲೆ ಎರಡು ಕೈ ಬದಲಾಗಿ ಈಗ ಸಕ್ಕರೆ ವ್ಯಾಪಾರದ ಒಬ್ಬ ಶೇಟಜಿಯದಾಗಿದೆ. ದೌಂಡದ ಸುತ್ತಿನ ಕಬ್ಬಿನ ಮೇಲೆ ಬೆಳೆದ ಮನೆತನ. ಶೇಟಜಿ ಬಂದ ಮೇಲೆ ಕಲ್ಲವ್ವನಿಗೆ ಇಲ್ಲಿಯ ವರ್ತನೆ ಮತ್ತೆ ಸಿಕ್ಕಿತು. ಗಿಡಗಳ ಜೊತೆಗೆ ಭುಜಂಗನೂ ಒಬ್ಬ ಧಣಿಯಿಂದ ಇನ್ನೊಬ್ಬ ಧಣಿಗೆ ದಾಟುತ್ತ ಬಂದಿದ್ದಾನೆ. ಎರಡು ವರ್ಷದಿಂದ ಅವನು ದಿನವೂ ಅವಳನ್ನು ಹಿತ್ತಲಿನಲ್ಲಿ ಕಾಣುತ್ತಾನೆ, ಅವಳು ಅವನ ಜೊತೆ ಕನ್ನಡ ಆಡಿಲ್ಲ. ಬೇಕಾದ ಎರಡು ಮಾತನ್ನು ಮರಾಠಿಯಲ್ಲಿ ಆಡಿ ಹೋಗುತ್ತಾಳೆ. ಶೇಟಜಿಯ ನಾಯಿ ಹೊಸದು, ಕರಿದು. ಮೊನ್ನೆ ಅದು ಮೊದಲ ಸಲ ಕಡಿಯಿತು.

ನಿನ್ನೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತವನಿಗೆ ಅವಳು ಹನ್ನೊಂದು ವರ್ಷದ ಮೇಲೆ ಕನ್ನಡದಲ್ಲಿ ಉತ್ತರ ಕೊಟ್ಟಳು.

"ನಿನಗ ಏನೂ ಸಿಗೂದಿಲ್ಲ, ತಿಳ್ಕೋ. ಇದು ಮೊದಲನೇದು. ನೀ ಹೇಳಿದ್ರ ನಿನ್ನ ಹಿಂದ ಬರಾವರಿಗೆ ಸಿಗತದ. ನೌಕರಿ ಹೋದ್ರೂ ಹೋಗಬಹುದು. ಒಲ್ಲೆ ಅಂದ್ರ ಈಗ ಹೇಳು, ನಾ ಮುಂಜಾನೆ ಕೊಡ ಇಳಸೂದಿಲ್ಲ."

ಅವನು ಬರುತ್ತೇನೆ ಎಂದ. ಶೇಟಜಿಯ ಮನೆಗೆ ಬರುವ ಪಾತ್ರೆ ತಿಕ್ಕುವವಳು ತುಂಬು ಬಸುರಿ, ಆ ನಾಯಿ ಈಗ ಅವಳ ಬೆನ್ನು ಹತ್ತುತ್ತಿದೆ ಎಂದ.

ಈ ಬೆಳಿಗ್ಗೆ ಸಾಕ್ಷಿಗೆ ಈರಣ್ಣ ಬಂದಿದ್ದಾನೆ, ಇನ್ನೊಬ್ಬನಾಗಿ ರೊಟ್ಟಿಯವನು ಸೈಕಲ್ಲನ್ನು ಕಂಬಕ್ಕೆ ಒರಗಿಸುತ್ತಾನೆ. ನಾಲ್ವರೂ ಗೇಟು ದಾಟುತ್ತಾರೆ. ನಾಯಿ ಇವತ್ತು ಕಟ್ಟಿದೆ, ಸರಪಳಿ ಜಗ್ಗಿ ಬೊಗಳುತ್ತದೆ. ಶೇಟಜಿ ಶಾಲು ಹೊದ್ದು ವರಾಂಡಕ್ಕೆ ಬರುತ್ತಾನೆ. ಇಷ್ಟು ಜನ ಯಾಕೆ ಎಂದು ಮೊದಲು ನಗುತ್ತಾನೆ. ಆಮೇಲೆ ಮಾಲಿಯ ಕಾಲಿನ ಕಟ್ಟು ಕಣ್ಣಿಗೆ ಬೀಳುತ್ತದೆ. ಕಾಲಿಗೇನಾಯಿತು ಎಂದು ಕೇಳುತ್ತಾನೆ.

ಭುಜಂಗನ ಕಣ್ಣು ಪಕ್ಕಕ್ಕೆ ಹರಿಯುತ್ತದೆ. ಅಲ್ಲಿ ಬೇಲಿ ಇದೆ, ಅದೇ ಬೇಲಿ, ಮೂರು ಸಲ ಕತ್ತರಿಸಿ ಮೂರು ಸಲ ಅವನೇ ಬೆಳೆಸಿದ್ದು. ಮುಳ್ಳಿನ ತುದಿಗಳಲ್ಲಿ ಇಬ್ಬನಿ ಕೂತಿದೆ. ಕಲ್ಲವ್ವ ಆ ನೋಟವನ್ನು ನೋಡುತ್ತಾಳೆ. ಒಂದು ಕ್ಷಣ ಅವಳಿಗೆ ಬಟ್ಲರನ ಕೋಟಿನ ಉದ್ದನೆಯ ತೋಳು ಕಾಣುತ್ತದೆ. ಮಡಚದ ಬೆರಳುಗಳ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತಾಳೆ.

"ನಾಯಿ ಕಡೀತ್ರಿ, ಶೇಟಜಿ," ಎನ್ನುತ್ತಾನೆ ಭುಜಂಗ. ಅವಸರದಲ್ಲಿ ಅದು ಕನ್ನಡದಲ್ಲಿ ಬಂದುಬಿಡುತ್ತದೆ. ಆಮೇಲೆ ಅದನ್ನೇ ಮರಾಠಿಯಲ್ಲಿ ಹೇಳುತ್ತಾನೆ, ಇನ್ನೂ ಗಟ್ಟಿ ದನಿಯಲ್ಲಿ, ತಾರೀಖು ಸಹಿತ, ನಿಮ್ಮ ನಾಯಿ ಎಂದು ಒತ್ತಿ.

ಶೇಟಜಿ ಕೆಟ್ಟವನೇನಲ್ಲ. ಇಷ್ಟಕ್ಕೆ ಇಷ್ಟು ದೊಡ್ಡ ಮೆರವಣಿಗೆ ಯಾಕೆ ಎಂದು ಬೇಸರಪಡುತ್ತಾನೆ, ಐದು ರೂಪಾಯಿ ತರಿಸುತ್ತಾನೆ. ಜೊತೆಗೆ ಒಂದು ಕಾಗದವೂ ಬರುತ್ತದೆ. ಭುಜಂಗ ಹಣ ಹಿಡಿದು ಎರಡೂ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳುತ್ತಾನೆ. ಶೇಟಜಿಯ ಮುಖ ಆಗ ಬದಲಾಗುತ್ತದೆ. ಮಾಲಿಗೆ ಅವನು ಏನೂ ಅನ್ನುವುದಿಲ್ಲ. ಇಷ್ಟು ಗಿಡ ತಿಳಿದ ಮಾಲಿ ಬೇರೆ ಸಿಗುವುದು ಕಷ್ಟ, ಹಾಲಿನವಳು ಸಿಗುವುದು ಕಷ್ಟವಲ್ಲ. ಕಲ್ಲವ್ವನ ಕಡೆ ತಿರುಗಿ, ಇವತ್ತಿನಿಂದ ಹಾಲು ಬೇಡ ಎನ್ನುತ್ತಾನೆ.

ಅವಳು ಕೈ ಮುಗಿದು ಹೊರಗೆ ಬರುತ್ತಾಳೆ. ಈರಣ್ಣ ಪತ್ರ ಬರೆಯಲು ಹೊರಡುತ್ತಾನೆ. ಭುಜಂಗ ಕುಂಟುತ್ತ ಗೇಟಿನವರೆಗೂ ಹಿಂದೆ ಬರುತ್ತಾನೆ, ಮಡಿಸಿದ ಐದು ರೂಪಾಯಿಯನ್ನು ಚಾಚುತ್ತಾನೆ. ಅವಳು ಅದರ ಕಡೆ ನೋಡುವುದಿಲ್ಲ, ಇವತ್ತಿನ ಸೂಜಿಗೆ ದವಾಖಾನೆಗೆ ಟಾಂಗಾದಲ್ಲಿ ಹೋಗು ಎನ್ನುತ್ತಾಳೆ.

"ಅಕ್ಕಾ," ಎನ್ನುತ್ತಾನೆ ಅವನು. "ಅವತ್ತೂ ಹಿಂಗೇ ಹೇಳಬೇಕಾಗಿತ್ತು ನಾ."

ಕಲ್ಲವ್ವ ಕೊಡದ ಬಾಯಿಯ ಒದ್ದೆ ಅರಿವೆಯ ಗಂಟು ಸರಿಮಾಡುತ್ತಾಳೆ.

"ಹೇಳಿದ್ರೂ ನನ್ನ ಬೆರಳ ಮಡಚತಿದ್ದಿಲ್ಲ," ಎನ್ನುತ್ತಾಳೆ. "ಚಂದ್ರಿ ಉಳೀತಿದ್ಲು."

ಅಷ್ಟು ಹೇಳಿ ರೊಟ್ಟಿಯವನಿಗೆ ಕೊಡಕ್ಕೆ ಕೈ ಹಚ್ಚಲು ಸನ್ನೆ ಮಾಡುತ್ತಾಳೆ. ನಲವತ್ತೆರಡನೆಯ ಗೇಟು ಇದು. ಆಸೆ ಏನಾದರೂ ಉಳಿದಿದೆಯೇ ಎಂದರೆ, ಪರಿಹಾರದ ಮಾತನ್ನು ಅವಳು ಎತ್ತುವುದಿಲ್ಲ. ಆ ಕೋರ್ಟಿನ ಕಟಕಟೆಯಲ್ಲಿ ಎಲ್ಲರೂ ಅವಳನ್ನು ಕೇಳಿದ್ದು ಒಂದೇ, ಧಣಿಗೆ ಗೊತ್ತಿತ್ತೋ ಇಲ್ಲವೋ.

"ಮೊದಲ ಕಡಿಸಿಕೊಂಡಾವರನ್ನೂ ಒಂದ ಸಲಾರೆ ಕೇಳಬೇಕ್ರಿ ಕಾಯ್ದೆ," ಎನ್ನುತ್ತಾಳೆ. "ನಿನಗ ನೋವಾತೇನು, ಅಂತ. ಅಷ್ಟು ಕೇಳಿದ್ರ ಸಾಕು."

ಕೊಡ ತಲೆಗೇರುತ್ತದೆ. ಹಗುರಾಗಬೇಕಿದ್ದದ್ದು ನಾಲ್ಕು ಸೇರಿನ ಭಾರ ಹಾಗೆಯೇ ಉಳಿಸಿಕೊಂಡಿದೆ. ಬೀದಿ ದೀಪಗಳು ಆರಿವೆ. ಮುಂದಿನ ಬಂಗಲೆಯ ಹಿತ್ತಲಿನಲ್ಲಿ ಅಡುಗೆಯವಳು ಪಾತ್ರೆ ಹಿಡಿದು ಬಂದು, ಕೊಡದ ಕುತ್ತಿಗೆಯವರೆಗೆ ತುಂಬಿದ ಹಾಲನ್ನು ಕಂಡು, ಏನಿದು, ಇಷ್ಟು ಹೊತ್ತಾದರೂ ಇಷ್ಟು ಹಾಲು ಎಂದು ಕೇಳುತ್ತಾಳೆ.

ಹಾಲು ಎದುರಿಗಿದೆ. ಕಲ್ಲವ್ವ ಎಡಗೈಯಲ್ಲಿ ಮಾಪು ಅದ್ದಿ, ತುಂಬಿ, ಮೇಲೊಂದು ಚೂರು ಹೆಚ್ಚಿಗೆ ಸುರಿಯುತ್ತಾಳೆ.

"ಇವತ್ತ ಎಮ್ಮಿ ಭಾಳ ಕೊಟ್ಟಾವ್ರಿ," ಎನ್ನುತ್ತಾಳೆ.